ಮೂರು ಡಿಗ್ರಿ

ಬೀಜದ ಆಲೂಗಡ್ಡೆಗೆ ಮೂರು ಡಿಗ್ರಿ.
ಇಳಿದರೆ ಒಳಗೊಳಗೇ ಕಪ್ಪಾಗುತ್ತದೆ,
ಏರಿದರೆ ಹೊತ್ತಲ್ಲದ ಹೊತ್ತಲ್ಲಿ ಕಣ್ಣು ಬಿಡುತ್ತದೆ.
ಹತ್ತೊಂಬತ್ತು ವರ್ಷದಿಂದ ಹಾಸನದ ಈ ಕೋಲ್ಡ್ ಸ್ಟೋರೇಜಿನಲ್ಲಿ
ನನ್ನ ಕೆಲಸ ಇಷ್ಟೇ:
ಮುಳ್ಳನ್ನು ಮೂರರ ಮೇಲೆ ನಿಲ್ಲಿಸುವುದು.

ಶಿವರಾತ್ರಿ ಕಳೆದ ವಾರ, ಜಲಂಧರದ ಲಾರಿ ಇಳಿಸುತ್ತಿದ್ದಾಗ
ಕೆಂಚಾಂಬ ಬಂದಳು.
ಹೆಗಲಿಗೆ ಎರಡು ಕೋಲು, ಕಂಕುಳಲ್ಲಿ ಚಕ್ರದ ಹಲಗೆ.
"ಅಣ್ಣಾ, ಒಳಗೆ ಒಂದು ಗಂಟೆ ಇರಬಹುದಾ?"
ಯಾಕಮ್ಮ ಅಂದೆ.
"ಚಳಿಗೆ."
ಚಳಿಗೆ ಜನ ಕಂಬಳಿ ಕೇಳುತ್ತಾರೆ, ಬೆಂಕಿ ಕೇಳುತ್ತಾರೆ.
ಚಳಿಗೆ ಚಳಿಯನ್ನೇ ಕೇಳಿದವಳು ಇವಳೊಬ್ಬಳು.

ಗೊರೂರು ರಸ್ತೆಯಲ್ಲಿ ನೀವೂ ನೋಡಿರುತ್ತೀರಿ,
ಬೆಳಕು ಹರಿಯುವ ಮೊದಲು ಡಾಂಬರನ್ನು ಕುಟ್ಟಿಕೊಂಡು
ಟಕ್ಕು ಟಕ್ಕು ಹೋಗುವವಳನ್ನು.
ಡೇರಿಗೆ ಕ್ಯಾನು ಒಯ್ಯುವವರು ದಾರಿ ಬಿಡುತ್ತಾರೆ.
ನಾಯಿಗಳು ಮೊದಮೊದಲು ಅಟ್ಟಿಸಿಕೊಂಡು ಬಂದವು,
ಈಗ ಎರಡು ನಾಯಿ ಜೊತೆಗೇ ಓಡುತ್ತವೆ
ಕಾಲುವೆಯ ಸೇತುವೆವರೆಗೆ.
ಅಲ್ಲಿಗೆ ಅವುಗಳ ಸರಹದ್ದು ಮುಗಿಯಿತು.
ಕೋಲಿನ ತುದಿ ವಾರಕ್ಕೆ ಸವೆಯುತ್ತಿತ್ತು,
ಲೇತಿನ ಹಳೇ ಕಾರ್ಬೈಡ್ ಚೂರು ಬೆಸೆದುಕೊಟ್ಟೆ.
ಬೇರಿಂಗು ತಿರುಗುವುದು ನಮ್ಮ ಕಂಪ್ರೆಸರಿನ ಗ್ರೀಸಿನಲ್ಲಿ.
ಇದು ಮಾಲೀಕರಿಗೆ ಗೊತ್ತಿಲ್ಲ.

ಹಿಮ ಹೇಗಿರುತ್ತೆ ಅಂತ ಒಮ್ಮೆ ಕೇಳಿದೆ.
ಗುಲ್ಮಾರ್ಗಿನಲ್ಲಿ ಎರಡು ಚಳಿಗಾಲ ಕಳೆದವಳು
ಬಹಳ ಹೊತ್ತು ಸುಮ್ಮನಿದ್ದಳು.
ನಮ್ಮದೋ ಧಾರಾಳದ ಭಾಷೆ:
ಹುಲ್ಲಿನ ತುದಿಯದೂ ಮಂಜು, ರಸ್ತೆ ನುಂಗುವುದೂ ಮಂಜು,
ಸೋಡಾ ಅಂಗಡಿಯ ಗಡ್ಡೆಯೂ ಮಂಜು,
ಸಾಲಗಾಮೆ ರಸ್ತೆಯಲ್ಲಿ ನಿಂತು ಕೂಗಿದರೆ
ನಾಲ್ಕು ಬಾಗಿಲಿಂದ ನಾಲ್ಕು ಮಂಜು "ಏನ್ರೀ" ಅಂತ ಬರುತ್ತಾರೆ.
"ಅಲ್ಲಿಯವರು ಬೆರಳಲ್ಲಿ ಮುಟ್ಟಿ ಹೇಳ್ತಾರಣ್ಣ,
ಇದು ನಿನ್ನೆ ಬಿದ್ದದ್ದು, ಇದು ಕರಗಿ ಮತ್ತೆ ಗಟ್ಟಿಯಾದದ್ದು,
ಇದಕ್ಕೆ ನೀಲಿ ಮೇಣ, ಅದಕ್ಕೆ ಹಸಿರು.
ನನಗಿನ್ನೂ ಎಲ್ಲಾ ಒಂದೇ ಬಿಳಿ."
ಮುದ್ದೆಯ ಹದ ಬಂದ ಹಾಗೆ ಬರುತ್ತೆ ಬಿಡು ಅಂದೆ.
ಅಂದುಬಿಟ್ಟೆ. ನನಗೇನು ಗೊತ್ತು.

ಕಾಗದ ಬಂತು. ವಿಶ್ವಕಪ್ಪು, ಹತ್ತು ಕಿಲೋಮೀಟರು,
ಹೆಸರು ಹೇಳಲು ನಾಲಿಗೆ ಎರಡು ಸಲ ಜಾರುವ ಊರು.
ಮನೆತನದ ಹೆಸರು ಕಡ್ಡಾಯ ಅಂತ ಬರೆದಿತ್ತು.
ಇವಳಿಗಿರುವುದು ಇನಿಶಿಯಲ್ಲು.
ಊರನ್ನೂ ಅಪ್ಪನನ್ನೂ ಬಿಡಿಸಿ ಬರೆದಳು,
ಚೌಕಗಳು ಸಾಲದೆ ಅಪ್ಪ ಅರ್ಧಕ್ಕೇ ತುಂಡಾದ.

"ಕೊನೆಯವಳು ಬರುವಾಗ ಅಲ್ಲಿ ಜನ ಎದ್ದು ನಿಂತು
ಚಪ್ಪಾಳೆ ಹೊಡೀತಾರೆ, ವೀಡಿಯೋದಲ್ಲಿ ನೋಡಿದ್ದೀನಿ.
ಆ ಚಪ್ಪಾಳೆ ನನಗೆ ಬೇಡಣ್ಣ.
ಮುಂದಿನವಳ ಬೆನ್ನು ಕಾಣಬೇಕು. ಅಷ್ಟು ಸಾಕು."

ಹೊರಡುವ ಹಿಂದಿನ ರಾತ್ರಿ ಬಂದಳು.
ಕೈಯಲ್ಲಿ ಚಕ್ರವಿಲ್ಲದ ಹಲಗೆ,
ಸಂಪಿಗೆ ಎಸಳಿನಷ್ಟು ಸಪೂರ, ಒರೆಯಿಂದ ತೆಗೆದದ್ದು.
ಅಲ್ಲಿ ಮೈನಸ್ ಹನ್ನೆರಡಂತೆ.
"ಇನ್ನೊಂದು ಚೂರು ಇಳಿಸೋಕಾಗುತ್ತಾ?"
ಮುಳ್ಳಿನ ಕಡೆ ನೋಡಿದೆ, ಮೂಟೆಗಳ ಕಡೆ ನೋಡಿದೆ.
ಇಲ್ಲ ತಾಯಿ. ಬೀಜ ಬೇರೆಯವರದು.

ಅಮೋನಿಯಾ ಪೈಪಿನ ಮೇಲೆ ಬೆಳೆದ ಬಿಳಿಯನ್ನು ಮಾತ್ರ
ಕರಣೆಯಲ್ಲಿ ಕೆರೆದು ಗೋಣಿಗೆ ತುಂಬಿದೆ.
ಒಂದು ಗೋಣಿ, ಎರಡು ಗೋಣಿ.
ಮೂಟೆಗಳ ನಡುವಿನ ಓಣಿಯಲ್ಲಿ ಸುರಿದು
ಅಂಗೈಯಲ್ಲಿ ತಟ್ಟಿ ಹಾಸಿದೆವು, ಆರು ಅಡಿ.
ಬಗ್ಗಿ ಬೆರಳಲ್ಲಿ ಮುಟ್ಟಿದಳು.
"ಇದು ಇವತ್ತಿನದು," ಅಂದಳು.
ನಿಂತಳು, ಮೊಣಕಾಲು ಮಡಚಿದಳು.
ಸುಯ್ ಅಂತ ಒಂದೇ ಒಂದು ಸದ್ದು,
ಆಮೇಲೆ ಆಲೂಗಡ್ಡೆ ಮೂಟೆಗೆ ಢಿಕ್ಕಿ.
ಇಬ್ಬರೂ ನಕ್ಕೆವು. ಬಾಯಿಂದ ಹೊಗೆ.

ಬೆಳಿಗ್ಗೆ ಸೂಪರ್‌ವೈಸರು ರಿಜಿಸ್ಟರು ಮುಂದಿಟ್ಟ:
ಎರಡನೇ ಛೇಂಬರು, ನೆಲದ ಮೇಲೆ ನೀರು, ಕಾರಣ?
ಪೆನ್ನು ಹಿಡಿದು ಕೂತೆ.
ಹೊರಗೆ ಗೊರೂರು ರಸ್ತೆ ಕಡೆ ಎರಡು ನಾಯಿ ಬೊಗಳುತ್ತಿದ್ದವು,
ಯಾರಿಗೂ ಅಲ್ಲ.
ಅಭ್ಯಾಸ, ಎಂದು ಬರೆದೆ.
ಉಷ್ಣತೆ: ಮೂರು.